ಮೈಕ್ರೋವೇವ್ ಓವನ್ ಕೊಳ್ಳುವ ಮುಂಚೆ ಯಾರ ಮಾತು ನಂಬಬೇಕು?

ಪ್ರಶ್ನೆ: ಮೈಕ್ರೋವೇವ್ ಓವನ್ ಕೊಳ್ಳಬೇಕೆಂದಿದ್ದೇನೆ. ಒಂದು ಮಾಡೆಲ್‌ಗೆ 4.8 ಸ್ಟಾರ್ ಇದೆ, ಆದರೆ ವಿಮರ್ಶೆ ಬರೆದವರು 12 ಜನ. ಇನ್ನೊಂದಕ್ಕೆ 4.3, ಬರೆದವರು ಎರಡು ಸಾವಿರ. ಓದುತ್ತಾ ಹೋದರೆ ಎಲ್ಲ ಒಂದೇ ಥರ ಕಾಣುತ್ತವೆ. ಯಾವುದನ್ನು ನಂಬಲಿ?

ಉತ್ತರ: ಎರಡರಲ್ಲೇ ಆರಿಸಬೇಕೆಂದರೆ ಎರಡನೆಯದು. ಲೆಕ್ಕ ಹಾಕಿ ನೋಡಿ. 12 ಜನರ 4.8ಕ್ಕೆ ಇನ್ನಿಬ್ಬರು ಸೇರಿ ಒಂದೊಂದೇ ಸ್ಟಾರ್ ಕೊಟ್ಟರೆ ಸರಾಸರಿ 4.26ಕ್ಕೆ ಇಳಿಯುತ್ತದೆ. ಎರಡು ಸಾವಿರ ಜನರ 4.3 ಅದೇ ಇಬ್ಬರಿಂದ ಅಲುಗಾಡುವುದಿಲ್ಲ. ಆದರೆ ಇಷ್ಟಕ್ಕೇ ನಿಲ್ಲಬೇಡಿ. ಹೆಚ್ಚಿನವರು ಬರೆಯುವುದು ಪೆಟ್ಟಿಗೆ ಬಿಚ್ಚಿದ ಮೊದಲ ವಾರದಲ್ಲಿ. ಆ ವಾರದಲ್ಲಿ ಎಂಥ ಓವನ್ ಆದರೂ ಹಾಲು ಬಿಸಿ ಮಾಡಿಯೇ ಮಾಡುತ್ತದೆ. ಅದು ಹೇಗೆ ಬಾಳುತ್ತದೆ ಅನ್ನುವುದು ಆ ಸ್ಟಾರ್‌ಗಳಲ್ಲಿ ಇರುವುದಿಲ್ಲ.

ಮೊದಲು ಹೊಸದರಿಂದ ಹಳೆಯದಕ್ಕೆ ಜೋಡಿಸಿಕೊಳ್ಳಿ. ಆಮೇಲೆ ಎರಡು ಮತ್ತು ಮೂರು ಸ್ಟಾರ್‌ನ ವಿಮರ್ಶೆಗಳಿಂದ ಓದಲು ಶುರು ಮಾಡಿ. ಐದು ಕೊಟ್ಟವರು ಖುಷಿಯಲ್ಲಿ ಬರೆಯುತ್ತಾರೆ, ಒಂದು ಕೊಟ್ಟವರು ಸಿಟ್ಟಿನಲ್ಲಿ. ನಡುವಿನವರು ಸಾಮಾನ್ಯವಾಗಿ ವಸ್ತುವನ್ನು ತೂಗಿ ನೋಡಿರುತ್ತಾರೆ. ಓದುವಾಗ ಕಾಲ ಹೇಳುವ ಮಾತು ಹುಡುಕಿ: ‘ಎಂಟು ತಿಂಗಳಾದ ಮೇಲೆ’, ‘ವಾರಂಟಿ ಮುಗಿದ ಮರು ತಿಂಗಳು’. ಅಂಥ ಹತ್ತು ವಿಮರ್ಶೆ ಸಿಕ್ಕರೆ, ಒಂದೇ ತೊಂದರೆ ಎಷ್ಟು ಸಲ ಬಂದಿದೆ ಎಂದು ಎಣಿಸಿ. ‘ಕೆಟ್ಟುಹೋಯಿತು’ ಎಂಬ ಬರೀ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ. ಏನು ಕೆಟ್ಟಿತು, ಹೇಗೆ ಕೆಟ್ಟಿತು ಎಂದು ಬರೆದದ್ದನ್ನು ಹಿಡಿಯಿರಿ.

ಉದಾಹರಣೆಗೆ ‘ಬಾಗಿಲು ತೆಗೆದ ಕ್ಷಣ ಫಟ್ ಎಂದು ಓವನ್ ಪೂರ್ತಿ ಸತ್ತುಹೋಯಿತು’ ಎಂದು ಒಬ್ಬರು ಬರೆದಿದ್ದಾರೆ ಅನ್ನಿ. ಬಾಗಿಲ ಚಿಲಕದ ಹಿಂದೆ ಸಾಮಾನ್ಯವಾಗಿ ಮೂರು ಸಣ್ಣ ಸ್ವಿಚ್‌ಗಳಿರುತ್ತವೆ. ಬಾಗಿಲು ತೆರೆದಾಗ ಅವು ಒಂದು ನಿಗದಿತ ಕ್ರಮದಲ್ಲೇ ಬಿಡಬೇಕು. ಬಾಗಿಲು ಜೋತುಬಿದ್ದೋ, ಸ್ವಿಚ್ಚಿನ ಲೋಹದ ತುದಿ ಅಂಟಿಕೊಂಡೋ ಆ ಕ್ರಮ ತಪ್ಪಿದರೆ ಮೂರನೆಯ ಸ್ವಿಚ್ ಬೇಕೆಂದೇ ಶಾರ್ಟ್ ಮಾಡಿ ಫ್ಯೂಸ್ ಸುಡುತ್ತದೆ. ಬಾಗಿಲು ತೆರೆದಿರುವಾಗ ಓವನ್ ನಡೆಯದಿರಲಿ ಎಂಬ ರಕ್ಷಣೆ ಅದು. ಒಂದೇ ಮಾಡೆಲ್‌ಗೆ ಇಂಥ ದೂರು ಮತ್ತೆ ಮತ್ತೆ ಬಂದಿದ್ದರೆ ಚಿಲಕ ಅಥವಾ ಸ್ವಿಚ್ ದುರ್ಬಲ ಎಂದೇ ಅರ್ಥ. ಇದನ್ನೆಲ್ಲ ಸುಳ್ಳು ವಿಮರ್ಶೆ ಬರೆಯುವವರು ಕಲ್ಪಿಸಿಕೊಳ್ಳುವುದು ಅಪರೂಪ.

‘ದೀಪ ಉರಿಯುತ್ತದೆ, ತಟ್ಟೆ ತಿರುಗುತ್ತದೆ, ಫ್ಯಾನ್ ಓಡುತ್ತದೆ, ಬಿಸಿ ಮಾತ್ರ ಇಲ್ಲ’ ಎಂದರೆ ತೊಂದರೆ ಹೈವೋಲ್ಟೇಜ್ ಕಡೆ: ಬಿಸಿ ಮಾಡುವ ಅಲೆಗಳನ್ನು ಹುಟ್ಟಿಸುವ ಮ್ಯಾಗ್ನೆಟ್ರಾನ್, ಇಲ್ಲವೆ ಅದಕ್ಕೆ ವಿದ್ಯುತ್ ಒದಗಿಸುವ ಡಯೋಡ್, ಕೆಪಾಸಿಟರ್. ‘ಸ್ಟಾರ್ಟ್ ಬಟನ್ ಮಾತ್ರ ಕೇಳುವುದಿಲ್ಲ’ ಎಂಬ ದೂರು ಟಚ್ ಪ್ಯಾನೆಲ್‌ನದು. ಅಲ್ಲಿ ಒಂದು ಬಟನ್ ಹೋದರೂ ಎಷ್ಟೋ ಸಲ ಇಡೀ ಪ್ಯಾನೆಲ್ ಬದಲಿಸಬೇಕು. ‘ಒಳಗೆ ಕಿಡಿ ಹಾರಿತು’ ಎಂಬುದನ್ನು ಮಾತ್ರ ಸ್ವಲ್ಪ ಯೋಚಿಸಿ ತೆಗೆದುಕೊಳ್ಳಿ. ಒಳಗೋಡೆಯಲ್ಲಿ ರಟ್ಟಿನಂತೆ ಕಾಣುವ ಒಂದು ಹಾಳೆ ಇದೆ. ಅದು ಅಭ್ರಕದ್ದು, ರಿಪೇರಿಯವರು ಮೈಕಾ ಶೀಟ್ ಎನ್ನುತ್ತಾರೆ. ಅದರ ಮೇಲೆ ಸಿಡಿದ ಎಣ್ಣೆ, ಆಹಾರ ಒರೆಸದೆ ಬಿಟ್ಟರೆ ಸುಟ್ಟು ಇದ್ದಿಲಾಗುತ್ತದೆ. ಇದ್ದಿಲು ವಿದ್ಯುತ್ ಹರಿಸುವುದರಿಂದ ಕಿಡಿ ಏಳುತ್ತದೆ. ಎರಡು ವರ್ಷ ಬಳಸಿದವರಿಗೆ ಹೀಗಾದರೆ ಓವನ್‌ನ ತಪ್ಪಲ್ಲ, ಹಾಳೆ ಬದಲಿಸಿದರೆ ಸರಿಹೋಗುತ್ತದೆ. ಎರಡೇ ವಾರದಲ್ಲಿ ಹಲವರಿಗೆ ಆಗಿದ್ದರೆ ಆ ಮಾಡೆಲ್ ಬಿಡಿ.

ಒಂದು ಸ್ಟಾರ್‌ನ ವಿಮರ್ಶೆಗಳಲ್ಲಿ ಕಳೆಯಬೇಕಾದದ್ದೂ ಬಹಳ ಇರುತ್ತದೆ. ಪೆಟ್ಟಿಗೆ ಜಜ್ಜಿಹೋಗಿತ್ತು, ತಡವಾಗಿ ಬಂತು ಎಂಬುವು ಸಾಗಣೆಯವರ ಮೇಲಿನ ದೂರುಗಳು. ‘ತಟ್ಟೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗುತ್ತದೆ, ಡಿಫೆಕ್ಟಿವ್ ಪೀಸ್’ ಎಂದು ಬರೆಯುವವರಿದ್ದಾರೆ. ತಟ್ಟೆಯಡಿಯ ಸಿಂಕ್ರೊನಸ್ ಮೋಟರ್ ಯಾವ ದಿಕ್ಕಿನಲ್ಲಿ ಬೇಕಾದರೂ ಶುರುವಾಗಬಹುದು, ಅದು ದೋಷವಲ್ಲ. ಅಡುಗೆ ಮುಗಿದ ಮೇಲೂ ಫ್ಯಾನ್ ಓಡುವುದು, ಬಾಗಿಲ ಗಾಜಿನ ಮೇಲೆ ನೀರು ಹನಿಗಟ್ಟುವುದು, ಗ್ರಿಲ್ ಮೊದಲ ಸಲ ಹಾಕಿದಾಗ ಸುಟ್ಟ ವಾಸನೆ ಬರುವುದು ಕೂಡ ಹಾಗೆಯೇ.

ಕೊನೆಗೆ ಮಾಡೆಲ್ ನಂಬರನ್ನು ಅಕ್ಷರ ಬಿಡದೆ ಹೋಲಿಸಿ. ಬರೀ ಮೈಕ್ರೋವೇವ್ ಇರುವ 20 ಲೀಟರ್‌ನ ಸೋಲೋ ಓವನ್ನೂ ಬಿಸಿಗಾಳಿಯಿಂದ ಬೇಕ್ ಕೂಡ ಮಾಡುವ 28 ಲೀಟರ್‌ನ ಕನ್ವೆಕ್ಷನ್ ಓವನ್ನೂ ಒಂದೇ ಪುಟದಲ್ಲಿ ಸೇರಿಸಿ, ಎರಡರ ವಿಮರ್ಶೆಯನ್ನೂ ಒಟ್ಟುಹಾಕುವುದುಂಟು. ಆಗ ನೀವು ಓದುತ್ತಿರುವುದು ಬೇರೆಯದೇ ಯಂತ್ರದ ಕಥೆ.

ಪ್ರಶ್ನೆ: ‘ವೆರಿಫೈಡ್ ಪರ್ಚೇಸ್’ ಎಂಬ ಗುರುತು ಇದ್ದರೆ ನಂಬಬಹುದೆ?

ಉತ್ತರ: ಆ ಖಾತೆಯಿಂದ ಖರೀದಿ ನಡೆದಿದೆ ಎಂಬುದಕ್ಕಷ್ಟೇ ಅದು ಸಾಕ್ಷಿ. ಹಣ ವಾಪಸ್ ಕೊಟ್ಟು ಬರೆಸಿದ್ದಕ್ಕೂ, ‘ಐದು ಸ್ಟಾರ್ ಕೊಟ್ಟರೆ ಗಿಫ್ಟ್ ಕಾರ್ಡ್’ ಎಂದು ಪೆಟ್ಟಿಗೆಯೊಳಗೆ ಚೀಟಿ ಇಟ್ಟು ಬರೆಸಿದ್ದಕ್ಕೂ ಅದೇ ಗುರುತು ಬೀಳುತ್ತದೆ. ಆನ್‌ಲೈನ್ ವಿಮರ್ಶೆಗಳನ್ನು ಸಂಗ್ರಹಿಸಿ, ಪರಿಶೀಲಿಸಿ, ಪ್ರಕಟಿಸುವುದಕ್ಕೆ 2018ರಲ್ಲೇ ಐಎಸ್‌ಒ 20488 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂದಿದೆ, ಆದರೆ ಪಾಲಿಸುವುದು ಮಾರಾಟ ತಾಣದ ಇಷ್ಟಕ್ಕೆ ಬಿಟ್ಟದ್ದು. ಗುರುತಿಗಿಂತ ದಿನಾಂಕ ನೋಡಿ. ತಿಂಗಳಿಗೆ ಐದಾರು ಬರುತ್ತಿದ್ದ ಕಡೆ ಮೂರೇ ದಿನದಲ್ಲಿ ನಲವತ್ತು ಹೊಗಳಿಕೆ ಬಂದಿದ್ದರೆ ಆ ನಲವತ್ತನ್ನೂ ಪಕ್ಕಕ್ಕಿಡಿ.

ಪ್ರಶ್ನೆ: ‘ಟಾಪ್ 10 ಮೈಕ್ರೋವೇವ್’ ಪಟ್ಟಿಗಳು, ವಿಡಿಯೊಗಳು ಬೇಕಾದಷ್ಟಿವೆ. ನಿಜವಾಗಿ ಪರೀಕ್ಷೆ ಮಾಡಿದವರು ಯಾರು ಎಂದು ತಿಳಿಯುವುದು ಹೇಗೆ?

ಉತ್ತರ: ಅಳತೆ ಇದೆಯೆ ನೋಡಿ. ಪರೀಕ್ಷೆ ಮಾಡಿದವರ ಬರಹದಲ್ಲಿ ಎಷ್ಟು ನೀರು, ಎಷ್ಟು ಸೆಕೆಂಡು, ಎಷ್ಟು ಡಿಗ್ರಿ ಎಂಬುದು ಇದ್ದೇ ಇರುತ್ತದೆ. ಕಂಪನಿಯದೇ ಫೋಟೊ, ಕಂಪನಿಯದೇ ವಿವರ, ಹತ್ತಕ್ಕೆ ಹತ್ತೂ ‘ಅತ್ಯುತ್ತಮ’, ಪ್ರತಿಯೊಂದರ ಕೆಳಗೆ ಕೊಳ್ಳುವ ಲಿಂಕ್ ಇದ್ದರೆ ಬರೆದವರು ಆ ಓವನ್‌ನ ಬಾಗಿಲನ್ನೂ ತೆಗೆದು ನೋಡಿಲ್ಲ ಎಂದೇ ತಿಳಿಯಿರಿ. ಲಿಂಕ್‌ನಿಂದ ಕಮಿಷನ್ ಬರುವುದು ತಪ್ಪಲ್ಲ. ಆದರೆ ಹತ್ತರಲ್ಲಿ ಒಂದನ್ನಾದರೂ ‘ಕೊಳ್ಳಬೇಡಿ’ ಎನ್ನದವರ ಶಿಫಾರಸಿಗೆ ಬೆಲೆ ಇಲ್ಲ.

ಇನ್ನೊಂದು ಒರೆಗಲ್ಲು ವ್ಯಾಟ್. ಓವನ್ ಹಿಂದಿನ ಸ್ಟಿಕ್ಕರ್‌ನಲ್ಲಿ ಸಾಮಾನ್ಯವಾಗಿ ಎರಡು ಸಂಖ್ಯೆ ಇರುತ್ತವೆ. ಗೋಡೆಯಿಂದ ಎಳೆಯುವ ವಿದ್ಯುತ್ತು ಇನ್‌ಪುಟ್, ಆಹಾರಕ್ಕೆ ಸೇರುವುದು ಔಟ್‌ಪುಟ್. ಇನ್‌ಪುಟ್ 1200 ಇದ್ದರೆ ಔಟ್‌ಪುಟ್ 700ರಿಂದ 800ರ ಆಸುಪಾಸು. ಅಡುಗೆಗೆ ಬೇಕಾದದ್ದು ಔಟ್‌ಪುಟ್. ಇನ್‌ಪುಟ್ ತೋರಿಸಿ ‘ಭಾರಿ ಪವರ್’ ಎನ್ನುವ ವಿಮರ್ಶಕರಿಗೆ ವಿಷಯ ಗೊತ್ತಿಲ್ಲ.

ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್, ಬ್ರಿಟನ್ನಿನ ವಿಚ್, ಜರ್ಮನಿಯ ಸ್ಟಿಫ್ಟುಂಗ್ ವಾರೆನ್‌ಟೆಸ್ಟ್, ಆಸ್ಟ್ರೇಲಿಯಾದ ಚಾಯ್ಸ್ ಸಂಸ್ಥೆಗಳು ಓವನ್‌ಗಳನ್ನು ತಾವೇ ದುಡ್ಡು ಕೊಟ್ಟು ಕೊಂಡು ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತವೆ. ನಿಮಗೆ ಬೇಕಾದ ಮಾಡೆಲ್ ಅಲ್ಲಿ ಇಲ್ಲದಿರಬಹುದು. ಆದರೂ ಅವರು ಏನನ್ನು ಅಳೆಯುತ್ತಾರೆ ಎಂದು ಒಮ್ಮೆ ಓದಿಕೊಂಡರೆ ಬೇರೆ ವಿಮರ್ಶೆಗಳ ಟೊಳ್ಳು ತಾನಾಗಿಯೇ ಕಾಣುತ್ತದೆ.

ಪ್ರಶ್ನೆ: ಒಂದು ವಿಡಿಯೊದಲ್ಲಿ ಆಫ್ ಆಗಿದ್ದ ಓವನ್ ಒಳಗೆ ಮೊಬೈಲ್ ಇಟ್ಟು ಕರೆ ಮಾಡಿದರು. ಅದು ರಿಂಗ್ ಆಯಿತು. ‘ಈ ಓವನ್ ಲೀಕ್ ಆಗುತ್ತದೆ, ಕೊಳ್ಳಬೇಡಿ’ ಎಂದರು. ನಿಜವೆ?

ಉತ್ತರ: ಅಲ್ಲ, ಆ ವಿಡಿಯೊ ನೋಡಿ ಹೆದರಬೇಡಿ. ಮೊಬೈಲ್‌ಗೆ ಒಂದು ವ್ಯಾಟ್‌ನ ಕೋಟಿಯಲ್ಲೊಂದು ಪಾಲಿಗಿಂತಲೂ ತೀರಾ ಕಡಿಮೆ ಸಿಗ್ನಲ್ ಸಾಕು. ಸುಸ್ಥಿತಿಯ ಓವನ್‌ನ ಬಾಗಿಲ ಸಂದಿಯಲ್ಲೂ ಅಷ್ಟು ನುಸುಳುತ್ತದೆ. ಸುರಕ್ಷತೆಯ ಮಿತಿ ಬೇರೆಯೇ ಇದೆ: ಓವನ್‌ನಿಂದ 5 ಸೆಂ.ಮೀ. ದೂರದಲ್ಲಿ ಪ್ರತಿ ಚದರ ಸೆಂಟಿಮೀಟರ್‌ಗೆ 5 ಮಿಲಿವ್ಯಾಟ್. ಓವನ್ ನಡೆಯುವಾಗ ವೈಫೈ ತಡವರಿಸುವುದಕ್ಕೂ ಇದೇ ಕಾರಣ, ಎರಡೂ 2.4 ಗಿಗಾಹರ್ಟ್ಸ್ ಸುತ್ತಲೇ ಕೆಲಸ ಮಾಡುತ್ತವೆ. ನಿಜವಾಗಿ ನೋಡಬೇಕಾದದ್ದು ಬಾಗಿಲು: ವಾಲಿದೆಯೆ, ಸರಿಯಾಗಿ ಕೂರುತ್ತದೆಯೆ, ಅಂಚಿನಲ್ಲಿ ಆಹಾರ ಅಂಟಿ ಗಟ್ಟಿಯಾಗಿದೆಯೆ. ಈ ಪ್ರಯೋಗವನ್ನು ಮನೆಯಲ್ಲಿ ಮಾಡಲೂ ಹೋಗಬೇಡಿ. ಮೊಬೈಲ್ ಒಳಗಿರುವಾಗ ಯಾರಾದರೂ ಸ್ಟಾರ್ಟ್ ಒತ್ತಿದರೆ ಬ್ಯಾಟರಿಗೆ ಬೆಂಕಿ ಹತ್ತಬಹುದು.

ಪ್ರಶ್ನೆ: ವಿಮರ್ಶೆ ನಂಬಿ ಕೊಂಡಾಯಿತು. ವಾಪಸ್ ಕೊಡುವ ಅವಧಿಯೊಳಗೆ ನಾವೇ ಪರೀಕ್ಷಿಸಿ ನೋಡಬಹುದೆ?

ಉತ್ತರ: ಖಂಡಿತ, ಮೊದಲ ಎರಡು ದಿನದಲ್ಲೇ ಮಾಡಿ. ಓವನ್ ತಣ್ಣಗಿರಬೇಕು. ಗಾಜಿನ ಪಾತ್ರೆಗೆ ಒಂದು ಲೀಟರ್ ತಣ್ಣೀರು ಹಾಕಿ, ಕಲಕಿ, ಡಿಜಿಟಲ್ ಥರ್ಮಾಮೀಟರ್‌ನಿಂದ ಉಷ್ಣತೆ ಅಳೆಯಿರಿ. ಪೂರ್ಣ ಪವರ್‌ನಲ್ಲಿ ಸರಿಯಾಗಿ 60 ಸೆಕೆಂಡು ಇಟ್ಟು ಹೊರತೆಗೆದು, ಮತ್ತೆ ಚೆನ್ನಾಗಿ ಕಲಕಿ ಅಳೆಯಿರಿ. ಕಲಕದಿದ್ದರೆ ಮೇಲಿನ ನೀರಿನ ಬಿಸಿಯಷ್ಟೇ ಸಿಗುತ್ತದೆ, ಲೆಕ್ಕ ತಪ್ಪುತ್ತದೆ. ಏರಿದ ಡಿಗ್ರಿಯನ್ನು 70ರಿಂದ ಗುಣಿಸಿ. 24 ಇದ್ದದ್ದು 35 ಆದರೆ 11ಕ್ಕೆ 70, ಅಂದರೆ 770 ವ್ಯಾಟ್. ಪಾತ್ರೆಯೂ ಬಿಸಿ ಹೀರುತ್ತದೆ, ಮ್ಯಾಗ್ನೆಟ್ರಾನ್ ಕೆಲಸ ಶುರು ಮಾಡಲು ಎರಡು ಮೂರು ಸೆಕೆಂಡು ಹಿಡಿಯುತ್ತದೆ. ಹಾಗಾಗಿ ಸ್ಟಿಕ್ಕರ್‌ನ ಔಟ್‌ಪುಟ್‌ಗಿಂತ ನೂರರಲ್ಲಿ ಹತ್ತು ಹದಿನೈದು ಪಾಲು ಕಡಿಮೆ ಬಂದರೆ ಚಿಂತೆಯಿಲ್ಲ. 800 ಎಂದು ಬರೆದಲ್ಲಿ 500 ಬಂದರೆ ಇನ್ನೊಮ್ಮೆ ಅಳೆಯಿರಿ. ಆ ಹೊತ್ತಿನಲ್ಲಿ ಮನೆಯ ವೋಲ್ಟೇಜ್ ಕುಸಿದಿತ್ತೇ ಎಂದೂ ನೋಡಿ, ಟ್ರಾನ್ಸ್‌ಫಾರ್ಮರ್ ಇರುವ ಓವನ್‌ಗಳಲ್ಲಿ ಅದರಿಂದ ಪವರ್ ಇಳಿಯುತ್ತದೆ. ಎರಡನೆಯ ಸಲ, ವೋಲ್ಟೇಜ್ ಸರಿಯಿದ್ದಾಗಲೂ ಅಷ್ಟೇ ಬಂದರೆ ವಾಪಸ್ ಕೊಡಿ.

ಬಿಸಿ ಸಮನಾಗಿ ಹರಡುತ್ತದೆಯೆ ಎಂದು ನೋಡಲು ಎರಡು ಮೊಟ್ಟೆಯ ಬಿಳಿಯನ್ನು ಕಲಕಿ ಚಪ್ಪಟೆ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಅರ್ಧ ಪವರ್‌ನಲ್ಲಿ ಇಟ್ಟು ಗಾಜಿನಿಂದ ಗಮನಿಸಿ. ಮೊದಲು ಬೆಳ್ಳಗಾಗುವ ಜಾಗ ಹೆಚ್ಚು ಬಿಸಿಯದು. ಓವನ್‌ನ ಮೈಕ್ರೋವೇವ್ ಅಲೆಯ ಉದ್ದ ಸುಮಾರು 12 ಸೆಂ.ಮೀ. ಆದ್ದರಿಂದ ಬಿಸಿಯ ತಾಣಗಳು ಸುಮಾರು 6 ಸೆಂ.ಮೀ. ಅಂತರದಲ್ಲಿ ಬೀಳುತ್ತವೆ, ತಟ್ಟೆ ತಿರುಗಿದಾಗ ಅವು ಬಳೆಗಳಂತೆ ಕಾಣುತ್ತವೆ. ಬಳೆ ಕಾಣಿಸಿದರೆ ಗಾಬರಿ ಬೇಡ. ನಟ್ಟನಡುವೆ ಅಂಗೈಯಗಲ ಹಸಿಯಾಗಿಯೇ ಉಳಿದರೆ ಮಾತ್ರ ಯೋಚಿಸಬೇಕು, ಏಕೆಂದರೆ ನಡುವಿನ ಭಾಗ ತಿರುಗಿದರೂ ಇದ್ದಲ್ಲೇ ಇರುತ್ತದೆ.

ಇದೇ ಹೊತ್ತಿಗೆ ಕಿವಿಯನ್ನೂ ಇಟ್ಟುಕೊಂಡಿರಿ. ಅರ್ಧ ಪವರ್‌ನಲ್ಲಿ ಗುಂಯ್ ಎಂಬ ಸದ್ದು ಹತ್ತಾರು ಸೆಕೆಂಡು ಬಂದು, ನಿಂತು, ಮತ್ತೆ ಬರುತ್ತಿದ್ದರೆ ಅದು ಪೂರ್ಣ ಪವರನ್ನೇ ಹಾಕಿ ಆರಿಸುವ ಸಾಮಾನ್ಯ ಓವನ್. ಸದ್ದು ಒಂದೇ ಸಮನೆ ಮೆಲ್ಲಗೆ ಇದ್ದರೆ ಇನ್ವರ್ಟರ್, ಅಂದರೆ ಹಾಕಿ ಆರಿಸದೆ ಪವರನ್ನೇ ತಗ್ಗಿಸಿ ನಡೆಸುವ ಓವನ್. ‘ಇನ್ವರ್ಟರ್ ತಂತ್ರಜ್ಞಾನ’ ಎಂದು ವಿಮರ್ಶೆಯಲ್ಲಿ ಓದಿ ಹೆಚ್ಚು ಹಣ ಕೊಟ್ಟಿದ್ದರೆ, ಕೊಟ್ಟಿದ್ದಕ್ಕೆ ಬಂದಿದೆಯೋ ಇಲ್ಲವೋ ಎಂದು ಅಲ್ಲೇ ಗೊತ್ತಾಗುತ್ತದೆ. ಇನ್ವರ್ಟರ್ ಓವನ್‌ಗಳೂ ತೀರಾ ಕಡಿಮೆ ಪವರ್‌ನಲ್ಲಿ ನಿಂತು ನಿಂತು ನಡೆಯಬಹುದು, ಹಾಗಾಗಿ ಅರ್ಧ ಪವರ್‌ನಲ್ಲೇ ಕೇಳಿ. ಖಾಲಿ ಓವನ್ ಮಾತ್ರ ಎಂದೂ ಓಡಿಸಬೇಡಿ. ಹೀರಿಕೊಳ್ಳಲು ಏನೂ ಇಲ್ಲದೆ ಅಲೆಗಳು ಮ್ಯಾಗ್ನೆಟ್ರಾನ್‌ಗೇ ಮರಳಿ ಅದನ್ನು ಕಾಯಿಸುತ್ತವೆ. ಬರೀ ಸದ್ದು ಕೇಳುವುದಾದರೂ ಒಳಗೊಂದು ಲೋಟ ನೀರು ಇರಲಿ.