ಕಾಪಿ ಆಗದಂತೆ ಲಾಕ್ ಹಾಕಿದರೆ ಗೇಮ್ ಕಂಪನಿಗೆ ಲಾಭವಾ?

ಮೊದಲ ಕೆಲವು ವಾರ ಲಾಭ ಇರಬಹುದು. ಆದರೆ ಪೆಟ್ಟು ಬೀಳುವುದು ದುಡ್ಡು ಕೊಟ್ಟವನಿಗೇ.

ನಾನು ಕಲಬುರಗಿಯವನು. ಬೇಸಿಗೆಯಲ್ಲಿ ಕರೆಂಟ್ ಹೋದರೆ ಮನೆಯ ವೈಫೈ ಕೂಡ ಹೋಗುತ್ತದೆ. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇದ್ದರೂ ಕೊಂಡ ಗೇಮ್ ತೆರೆಯುತ್ತಿರಲಿಲ್ಲ, ಅದರ ಲಾಕ್‌ಗೆ ಇಂಟರ್ನೆಟ್ ಬೇಕಿತ್ತು. ಒಬ್ಬನೇ ಆಡುವ ಗೇಮ್‌ಗೆ ಇಂಟರ್ನೆಟ್ ಯಾಕೆ ಬೇಕು ಹೇಳಿ! ಗೆಳೆಯನ ಕಳ್ಳ ಕಾಪಿ ಮಾತ್ರ ಆರಾಮಾಗಿ ಓಡುತ್ತಿತ್ತು.

ಇದು ಹಳೇ ಕಥೆ. 2010ರಲ್ಲಿ ಯೂಬಿಸಾಫ್ಟ್ ಕಂಪನಿಯ ಅಸ್ಯಾಸಿನ್ಸ್ ಕ್ರೀಡ್ 2 ಗೇಮನ್ನು ಪಿಸಿಯಲ್ಲಿ ಆಡಲು ಸದಾ ಇಂಟರ್ನೆಟ್ ಬೇಕಿತ್ತು. ಸರ್ವರ್ ಕೈಕೊಟ್ಟಾಗ ಕೊಂಡವರು ಸುಮ್ನೆ ಕೂತರು. ಆದರೆ 2015ರ ವಿಚರ್ 3 ಗೇಮ್ ಗಾಗ್ (GOG) ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಯಾವ ಲಾಕೂ ಇಲ್ಲದೆ ಸಿಕ್ಕಿತು. ಕನ್ಸೋಲ್‌ಗಳೂ ಸೇರಿ 2023ರ ಹೊತ್ತಿಗೆ 5 ಕೋಟಿ ಪ್ರತಿ ದಾಟಿತ್ತು. ಲಾಕ್ ಇಲ್ಲದ್ದಕ್ಕೇ ಅಷ್ಟು ಮಾರಾಟವಾಯಿತು ಅನ್ನಲಾರೆ, ಆದರೆ ನಷ್ಟವಂತೂ ಕಾಣಲಿಲ್ಲ ಅಲ್ವಾ?

ಕರೆಂಟ್ ಹೋದಾಗ ನನ್ನನ್ನು ಸತಾಯಿಸಿದ ಆ ಕಂಪನಿಯ ಗೇಮ್ ಈಗ ಅರ್ಧ ಬೆಲೆಗೆ ಬಂದರೂ ಕೊಳ್ಳುವುದಿಲ್ಲ.