ಹಾಡಿಗೆ ದನ ಬಿಡುವುದಾದರೆ ಎಷ್ಟು ಎನ್ನುವುದಕ್ಕಿಂತ ಯಾವಾಗ ಎಂಬುದು ಮುಖ್ಯ

ಕಳೆ ಇಳಿದು ಮಣ್ಣಿಗೆ ಗೊಬ್ಬರವೂ ಸೇರಬೇಕಾದರೆ ಎಕರೆ ಹಾಡಿಗೆ, ಅಂದರೆ ತೋಟ-ಗದ್ದೆಗಳ ಪಕ್ಕದ ಕಾಡಿನ ತುಂಡಿಗೆ, ಎಷ್ಟು ದನ ಬಿಡಬೇಕೆಂದು ಕೇಳಿದ್ದೀರಿ. ಗೊಬ್ಬರದ ಆಸೆಯನ್ನು ಮೊದಲು ಬಿಡಿ. ಹಾಡಿಯ ಸೊಪ್ಪನ್ನೇ ಮೇಯ್ದು ರಾತ್ರಿ ಹಟ್ಟಿಯಲ್ಲಿ (ಕೊಟ್ಟಿಗೆಯಲ್ಲಿ) ಸಗಣಿ ಹಾಕುವ ದನವು ಹಾಡಿಯ ಸಾರವನ್ನು ಹೊರಗೆ ಸಾಗಿಸುತ್ತದೆ; ಹಗಲಿನ ಸಗಣಿಯೂ ಅದು ಮಲಗುವ ಒಂದೆರಡು ಮರದಡಿಯಲ್ಲೇ ಹೆಚ್ಚಾಗಿ ಬೀಳುತ್ತದೆ.

ಕಾರ್ಕಳದ ಕಡೆಯ ನಮ್ಮ ಅಡಿಕೆ ತೋಟದ ಮೇಲ್ಬದಿಯಲ್ಲಿ ಮತ್ತಿ, ಕಿರಾಲಬೋಗಿ, ಪುನರ್ಪುಳಿ ಮರಗಳಿರುವ ಹಾಡಿಯಿದೆ. ನಾಟಿಯಾದ ಮೇಲೆ ಗದ್ದೆಬದಿಯಲ್ಲಿ ಮೇಯಿಸಲಾಗದೆ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲೇ ದನಗಳನ್ನು ಅಲ್ಲಿಗೆ ಅಟ್ಟುತ್ತಿದ್ದೆ. ನಷ್ಟವಾದದ್ದು ಇದರಿಂದಲೇ. ಒಣಮಣ್ಣು ಗೊರಸಿನ ಭಾರವನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ, ಆದರೆ ನೀರು ಕುಡಿದ ಮಣ್ಣಿನ ಕಣಗಳು ಜಾರಿ ಒತ್ತಾಗುತ್ತವೆ. ಆಗ ಮೊದಲು ಮುಚ್ಚಿಹೋಗುವುದು ನೀರನ್ನು ಕೆಳಗಿಳಿಸುವ ದೊಡ್ಡ ರಂಧ್ರಗಳು. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಂಗದ ನೀರು ಇಳಿಜಾರಿನಲ್ಲಿ ತರಗೆಲೆಯನ್ನು ಗುಡಿಸಿಕೊಂಡು ಹೋಯಿತು, ಬತ್ತಲಾದ ನೆಲಕ್ಕೆ ಹನಿಗಳು ನೇರವಾಗಿ ಹೊಡೆದವು, ಕೊನೆಗೆ ದನದ ದಾರಿಯುದ್ದಕ್ಕೂ ಮಣ್ಣಿನಡಿಯ ಮುರಕಲ್ಲು (ಕೆಂಪುಕಲ್ಲು) ಎದ್ದು ಕಂಡಿತು. ಮಲೆನಾಡು ಗಿಡ್ಡ ಎಂಬ ಸಣ್ಣ ತಳಿಯ ದನ ಹಗುರವಾದ್ದರಿಂದ ಪರವಾಗಿಲ್ಲ ಎನ್ನುವವರಿದ್ದಾರೆ, ಆದರೆ ಅದರ ಗೊರಸೂ ಚಿಕ್ಕದಾದ್ದರಿಂದ ನೆಲದ ಮೇಲಿನ ಒತ್ತಡ ತೂಕದಷ್ಟು ಕಡಿಮೆಯಾಗುವುದಿಲ್ಲ.

ಮೇಲಿನ ನೆರಳು ಹಾಗೆಯೇ ಇದ್ದುದರಿಂದ ಹಾಡಿಗೆ ಏನೂ ಆಗಿಲ್ಲವೆಂದು ನಂಬಿದ್ದೆ. ಆದರೆ ದನದ ಬಾಯಿಗೆ ಎಟಕುವ ಎತ್ತರದವರೆಗೆ ಸಸಿಗಳೂ ಅಂಚಿನ ಕುಂಟಾಲ ಪೊದೆಗಳೂ ಬರಿದಾಗಿದ್ದವು. ಅವು ತಡೆಯುತ್ತಿದ್ದ ಬಿಸಿಗಾಳಿ ಮತ್ತು ಓರೆಬಿಸಿಲು ಒಳಹೊಕ್ಕು, ಮಾರ್ಚ್ ಬರುವಷ್ಟರಲ್ಲಿ ನೆಲದ ಪಸೆ ಆರಿ, ಮಳೆಗಾಲದಲ್ಲಿ ಮೊಳೆತ ಕಿರಾಲಬೋಗಿಯ ಸಸಿಗಳು ಸುಟ್ಟುಹೋಗುತ್ತಿದ್ದವು. ದನ ಮುಟ್ಟದ ಕಮ್ಯುನಿಸ್ಟ್ ಗಿಡವೆಂಬ ಕಳೆಪೊದೆ ಮಾತ್ರ ತೆರವಾದ ಕಡೆಯೆಲ್ಲ ಎದ್ದಿತು. ನಿಮ್ಮ ಕಳೆಯೂ ಅದೇ ಆಗಿದ್ದರೆ ಕತ್ತಿ ಹಿಡಿಯುವುದೇ ದಾರಿ.

ಮಳೆಗಾಲದಲ್ಲಿ ಹಟ್ಟಿಯಲ್ಲೇ ಕಟ್ಟಿ ಹುಲ್ಲು ಕೊಯ್ದು ಹಾಕಿ. ಕೂಲಿ ದುಬಾರಿಯೆಂಬುದು ನನಗೂ ಗೊತ್ತು. ದೀಪಾವಳಿ ಕಳೆದು ನೆಲ ಒಣಗಿದ ಮೇಲೆ, ಸಸಿಗಳಿರುವ ಭಾಗಕ್ಕೆ ಬೇಲಿ ಹಾಕಿ, ಉಳಿದಲ್ಲಿ ಸ್ವಲ್ಪ ದಿನ ಮಾತ್ರ ಬಿಡಿ. ಅದಕ್ಕೆ ಮೊದಲು ತಳ ಕತ್ತರಿಸಿದ ತಗಡಿನ ಡಬ್ಬವನ್ನು ದನದ ದಾರಿಯಲ್ಲೊಮ್ಮೆ, ದನ ಹೋಗದ ಮುಳ್ಳುಪೊದೆಯ ಬುಡದಲ್ಲೊಮ್ಮೆ ಮಣ್ಣಿಗೆ ಒತ್ತಿ, ಎರಡರಲ್ಲೂ ಒಂದೊಂದು ಲೀಟರ್ ನೀರು ಸುರಿಯಿರಿ. ಪೊದೆಯ ಬುಡಕ್ಕಿಂತ ದಾರಿಯಲ್ಲಿ ನೀರು ತುಂಬ ಹೊತ್ತು ನಿಂತರೆ ಆ ಬದಿಗೆ ಈ ವರ್ಷ ಒಂದು ದನವನ್ನೂ ಬಿಡಬೇಡಿ.