ತೂಕದ ಶಸ್ತ್ರಚಿಕಿತ್ಸೆ: ಹತ್ತನೆಯ ವರ್ಷದ ಲೆಕ್ಕ

ಗದಗದ ಬೆಟಗೇರಿಯಿಂದ ಓದುಗರೊಬ್ಬರು ಬರೆದಿದ್ದಾರೆ: “ನನ್ನ ತಂಗಿಗೆ 41 ವರ್ಷ. ಎತ್ತರ ಐದು ಅಡಿ ಒಂದು ಇಂಚು, ತೂಕ 108 ಕಿಲೊ. ಸಕ್ಕರೆ ಕಾಯಿಲೆ, ಮೊಣಕಾಲು ನೋವು ಎರಡೂ ಇವೆ. ಜಠರ ಕಿರಿದಾಗಿಸುವ ಸ್ಲೀವ್ ಶಸ್ತ್ರಚಿಕಿತ್ಸೆ ಮಾಡಿಸಿ ಎಂದು ಹುಬ್ಬಳ್ಳಿಯ ವೈದ್ಯರು ಹೇಳಿದ್ದಾರೆ. ‘ಬಾಯಿ ಕಟ್ಟಿದರೆ ಸಾಕು, ಹೊಟ್ಟೆ ಯಾಕೆ ಕೊಯ್ಯಿಸಬೇಕು’ ಎನ್ನುತ್ತಾರೆ ಅವಳ ಗಂಡ. ಮಾಡಿಸಿಕೊಂಡವರು ಮುಂದೆ ಹೇಗಿರುತ್ತಾರೆ?”

ಮಾನ್ಯರೇ,

ಮೊದಲು ಬಾಯಿ ಕಟ್ಟುವ ಮಾತು. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ಅಧ್ಯಯನವೊಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಸುಮಾರು 2,000 ಜನರನ್ನೂ ಮಾಡಿಸಿಕೊಳ್ಳದ ಅಷ್ಟೇ ಜನರನ್ನೂ ದಶಕಗಳ ಕಾಲ ಗಮನಿಸಿದೆ. ಮಾಡಿಸಿಕೊಳ್ಳದವರಿಗೂ ಅಲ್ಲಿ ವೈದ್ಯರ ಎಂದಿನ ಸಲಹೆ, ಉಪಚಾರ ಸಿಗುತ್ತಿತ್ತು. ಆದರೂ 15 ವರ್ಷಗಳವರೆಗೆ ಅವರ ಸರಾಸರಿ ತೂಕ ಶೇ 2ರಷ್ಟೂ ಕದಲಲಿಲ್ಲ. ಅವರೆಲ್ಲ ಸೋಮಾರಿಗಳೆಂದು ನಂಬಲು ನಾನು ಸಿದ್ಧನಿಲ್ಲ. ಈ ಮಟ್ಟದ ಬೊಜ್ಜಿನಲ್ಲಿ ತೂಕ ಇಳಿದೊಡನೆ ದೇಹವೇ ಹಸಿವು ಹೆಚ್ಚಿಸಿ ಅದನ್ನು ಮರಳಿ ಪಡೆಯಲು ಹೊರಡುತ್ತದೆ. ನಿಮ್ಮ ತಂಗಿಯ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಸೂಚ್ಯಂಕ, 45. ಅವರ ಗಂಡನಿಗೆ ಇಷ್ಟನ್ನು ಓದಿ ಹೇಳಿ.

ಅದೇ ಅಧ್ಯಯನದಲ್ಲಿ ಬೈಪಾಸ್ (ಜಠರವನ್ನು ಕಿರಿದಾಗಿಸಿ ಆಹಾರವನ್ನು ನೇರ ಸಣ್ಣ ಕರುಳಿಗೆ ತಿರುಗಿಸುವ ಇನ್ನೊಂದು ಬಗೆಯ ಶಸ್ತ್ರಚಿಕಿತ್ಸೆ) ಮಾಡಿಸಿಕೊಂಡವರ ತೂಕ ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ ಶೇ 32 ಇಳಿಯಿತು. ಹತ್ತನೆಯ ವರ್ಷಕ್ಕೆ ಆ ಇಳಿಕೆ ಶೇ 25ಕ್ಕೆ ಬಂದು ನಿಂತಿತ್ತು. ನಿಮ್ಮ ತಂಗಿಯ ಲೆಕ್ಕದಲ್ಲಿ ಇದು 108ರಿಂದ 73, ಅಲ್ಲಿಂದ ಮತ್ತೆ 81. ಸ್ಲೀವ್‌ನಲ್ಲಿ ಇಳಿಕೆ ಸಾಮಾನ್ಯವಾಗಿ ಇದಕ್ಕಿಂತ ತುಸು ಕಡಿಮೆ. ಜಾಹೀರಾತಿನ ಫೋಟೊಗಳನ್ನು ತೆಗೆಯುವುದು 73ರ ಹೊತ್ತಿಗೆ. 81ರ ಫೋಟೊ ನಾನಂತೂ ಎಲ್ಲೂ ಕಂಡಿಲ್ಲ. ಅವರು ತೆಳ್ಳಗಾಗುವುದಿಲ್ಲ. ಆದರೆ 27 ಕಿಲೊ ಭಾರ ಹತ್ತು ವರ್ಷವಾದರೂ ಮೊಣಕಾಲಿನ ಮೇಲೆ ಮರಳದಿರುವುದು ಸಣ್ಣ ಲಾಭವಲ್ಲ.

ಸಕ್ಕರೆ ಕಾಯಿಲೆಯದೂ ಇದೇ ದಾರಿ. ಎರಡನೆಯ ವರ್ಷಕ್ಕೆ ಶೇ 72 ಜನರಲ್ಲಿ ಅದು ಹಿಮ್ಮೆಟ್ಟಿತ್ತು, ಹತ್ತನೆಯ ವರ್ಷಕ್ಕೆ ಶೇ 36. ಶಸ್ತ್ರಚಿಕಿತ್ಸೆ ಇಲ್ಲದವರಲ್ಲಿ ಆಗ ಅದು ಹಿಮ್ಮೆಟ್ಟಿದ್ದು ಶೇ 13 ಜನರಲ್ಲಿ ಮಾತ್ರ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಆಯುಸ್ಸು ಸುಮಾರು ಮೂರು ವರ್ಷ ಹೆಚ್ಚಿತೆಂದು ಅದೇ ಅಧ್ಯಯನದ, 2020ರಲ್ಲಿ ಪ್ರಕಟವಾದ ವರದಿ ಹೇಳುತ್ತದೆ. ಪ್ರಾಣಾಪಾಯದ ಭಯವಿದ್ದರೆ, ಅಮೆರಿಕದ ಹತ್ತು ಆಸ್ಪತ್ರೆಗಳ 2009ರ ವರದಿಯಂತೆ ಮೊದಲ 30 ದಿನಗಳಲ್ಲಿ ತೀರಿಕೊಂಡವರು ಸಾವಿರಕ್ಕೆ ಮೂವರು.

ಇನ್ನು ಮನೆಯ ಊಟ. ತೊಂದರೆ ಹುಟ್ಟುವುದು ಹೆಚ್ಚಾಗಿ ಇಲ್ಲಿಯೇ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ಹೋಗುತ್ತದೆ. ತಿಂಗಳುಗಳ ನಂತರವೂ ಅರ್ಧ ರೊಟ್ಟಿಗೇ ಹೊಟ್ಟೆ ತುಂಬಬಹುದು. ಆ ಅರ್ಧ ರೊಟ್ಟಿಗಿಂತ ಮೊದಲು ಮೊಳಕೆ ಹೆಸರುಕಾಳು, ಬೇಳೆ, ಮೊಸರು ಒಳಗೆ ಹೋಗಬೇಕು, ಏಕೆಂದರೆ ಪ್ರೋಟೀನ್ ಕಡಿಮೆಯಾದರೆ ಸ್ನಾಯು ಕರಗುತ್ತದೆ. ಮೊದಲ ತಿಂಗಳುಗಳಲ್ಲಿ ಕೂದಲು ಉದುರುವುದು ಸಾಮಾನ್ಯ, ಬಹುತೇಕ ಮತ್ತೆ ಬರುತ್ತದೆ. ನೀವು ಸಸ್ಯಾಹಾರಿಗಳಾದರೆ ಬಿ12 ಮೊದಲೇ ಕಡಿಮೆಯಿರುವ ಸಾಧ್ಯತೆ ಹೆಚ್ಚು. ಶಸ್ತ್ರಚಿಕಿತ್ಸೆಯ ನಂತರ ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವದ ಮಾತ್ರೆಗಳು, ರಕ್ತಪರೀಕ್ಷೆಗಳು ಜೀವನಪರ್ಯಂತ. ನಮ್ಮ ಕಡೆಯ ಮದುವೆಮನೆಗಳಲ್ಲಿ “ಇನ್ನೊಂದು ಹೋಳಿಗೆ” ಎಂದು ಕೈ ಹಿಡಿದು ಬಡಿಸುವ ಹಿರಿಯರನ್ನು ನೆನೆದರೇ ನನಗೆ ಅಂಜಿಕೆ. ಅವರನ್ನು ತಡೆಯುವ ಕೆಲಸ ಅಕ್ಕನಾದ ನಿಮ್ಮದು.

ವೇಗವಾಗಿ ತೂಕ ಇಳಿಯುವಾಗ ಪಿತ್ತಕೋಶದ ಕಲ್ಲು ಆಗಬಹುದು. ಸ್ಲೀವ್‌ನ ನಂತರ ಎದೆಯುರಿ ಹಲವರನ್ನು ಕಾಡುತ್ತದೆ. ಈಗಲೇ ಎದೆಯುರಿ ಇದ್ದರೆ ಬೈಪಾಸ್ ಮೇಲೋ ಎಂದು ಕೇಳಿ. ಬೈಪಾಸ್ ಆದರೆ, ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಿಂದ ತಾವೇ ತರುವ ಗುಳಿಗೆ ನಿಲ್ಲಬೇಕು. ಅವುಗಳಲ್ಲಿ ಹಲವು ಹುಣ್ಣು ತರುತ್ತವೆ. ಕೆಲವರಲ್ಲಿ ಖಿನ್ನತೆ ಕಾಣಿಸಿಕೊಳ್ಳುವುದೂ ಉಂಟು. ಮನೆಯವರು ಅದನ್ನು ಮೊಂಡುತನವೆಂದು ತಿಳಿಯಬಾರದು.

ವೈದ್ಯರ ಬಳಿ ವೆಚ್ಚ ಕೇಳುವ ಮೊದಲು, ಐದು ವರ್ಷದ ಹಿಂದೆ ಮಾಡಿಸಿಕೊಂಡವರಲ್ಲಿ ಎಷ್ಟು ಜನ ಈಗಲೂ ತಪಾಸಣೆಗೆ ಬರುತ್ತಾರೆ, ಆಹಾರತಜ್ಞರು ಯಾರು ಎಂದು ಕೇಳಿ. ಉತ್ತರ ತಡವರಿಸಿದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ. ಬಿಎಂಐ 40 ದಾಟಿದ್ದು, ವೈದ್ಯರ ಸಲಹೆಯಿದ್ದು, ಬೇರೆ ಉಪಾಯಗಳು ಫಲಿಸಿಲ್ಲವೆಂದು ತೋರಿಸಿದರೆ ಆರೋಗ್ಯ ವಿಮೆ ಸಿಗುವ ಅವಕಾಶವಿದೆ. ಕಾಯುವ ಅವಧಿಯನ್ನು ಪಾಲಿಸಿಯಲ್ಲಿ ನೋಡಿಕೊಳ್ಳಿ. ಇಷ್ಟು ದಿನ ಪಥ್ಯ ಮಾಡಿದ ಚೀಟಿಗಳು, ಹಳೆಯ ತೂಕದ ದಾಖಲೆಗಳು ಇದ್ದರೆ ಎಸೆಯಬೇಡಿ.

— ಸಂಪಾದಕ